ತಿಂಗಳ ಕೊನೆಯ ಅಪರಾಧಿ

ನನ್ನ ಮೊಮ್ಮಗಳು ಸಿಂಚನಾಳಿಗೆ ಕೆಲಸ ಸಿಕ್ಕಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಎಲ್ಲಿ ಬೇಕಾದರಲ್ಲಿ ಅದೇ ಉಕ್ಕಿ ಬರುತ್ತದೆ. ಜಿಲ್ಲೆಯ ಅಪರಾಧ ಅಂಕಿಅಂಶ ನೋಡಿಕೊಳ್ಳುವ ಶಾಖೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಎಲ್ಲಿ ಎಷ್ಟು ಕಳವು, ಎಷ್ಟು ಹೊಡೆದಾಟ, ಎಷ್ಟು ಜನರಿಗೆ ಶಿಕ್ಷೆ, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂದು ನೋಡಿ ವರದಿ ಮಾಡಬೇಕು. ಆದೇಶ ಕೈಗೆ ಬಂದ ದಿನ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಕಂಡಕ್ಟರಿಗೂ ಪೇಡೆ ಕೊಟ್ಟೆ. ಅವನು, "ಯಾರ ಮದ್ವಿ ಯಜಮಾನ್ರೇ?" ಎಂದ. "ಮದುವೆಯಲ್ಲಪ್ಪ, ಅಂಕಿಅಂಶ" ಎಂದೆ. ಅವನು ಪೇಡೆಯನ್ನು ಒಮ್ಮೆ ಮೂಸಿ ನೋಡಿ ಆಮೇಲೆ ಬಾಯಿಗೆ ಹಾಕಿಕೊಂಡ.

ಅವಳ ಜೊತೆ ಇನ್ನೂ ನಾಲ್ಕೈದು ಮಕ್ಕಳು ಸೇರಿದ್ದಾರೆ. ಎಲ್ಲರೂ ಡಿಗ್ರಿ ಮೇಲೆ ಡಿಗ್ರಿ ಓದಿದವರು. ನಾನು ಏಳನೇ ತರಗತಿ ಪಾಸು, ಅದೂ ಎರಡನೇ ಸಲಕ್ಕೆ. ಆದರೂ ಸಿಂಚನ, "ಅಜ್ಜ, ನೀನು ಮಾಡ್ತಿದ್ದ ಕೆಲ್ಸಾನೇ ನಾವೀಗ ಮಾಡ್ತಿರೋದು. ಬ್ರಷ್ ಹೋಗಿ ಮೌಸ್ ಬಂದಿದೆ ಅಷ್ಟೆ. ಅದು ನಿಜವಾಗ್ಲೂ ಹೆಂಗಿತ್ತು ಅಂತ ನಮ್ಮ ಹುಡುಗರಿಗೆ ಬರ್ದುಕೊಡು" ಎಂದಳು. ಬಡ್ತಿಯ ಕಥೆ ಇದರಲ್ಲಿ ಇಲ್ಲ. ದಲಾಯತನಾಗಿ ಸೇರಿ ದಲಾಯತನಾಗಿಯೇ ನಿವೃತ್ತನಾದವನಿಗೆ ಆ ಅಧ್ಯಾಯ ಉಳಿತಾಯ.

ನಾನಿದ್ದದ್ದು ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಒಂದು ಪೊಲೀಸ್ ಠಾಣೆಯಲ್ಲಿ. ಯಾವುದು ಎಂದು ಬರೆಯುವುದಿಲ್ಲ. ಅಲ್ಲಿ ಈಗಿರುವವರು ಒಳ್ಳೆಯವರು, ಹಿಂದಿನವರ ಪಾಪ ಅವರಿಗೇಕೆ. ಅದಕ್ಕೂ ಮೊದಲು ನಾನು ಲಾರಿ, ಅಂಗಡಿ, ಹಿಟ್ಟಿನ ಗಿರಣಿಗಳ ಮೇಲೆ ಬೋರ್ಡು ಬರೆಯುತ್ತಿದ್ದೆ. ಗಿರಣಿಯೊಂದರ ಗೋಡೆಯ ಮೇಲಿದ್ದ ನನ್ನ ಅಕ್ಷರ ನೋಡಿ ಆಗಿನ ಸಾಹೇಬರು ಜೀಪು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡು ನಾನು ಏಣಿಯಿಂದ ಇಳಿಯಲೇ ಇಲ್ಲ. "ಏಯ್, ಗೆರೆ ನೆಟ್ಟಗೆ ಎಳೀತೀಯಾ?" ಎಂದರು. ಎಳೆಯುತ್ತೇನೆ ಎಂದೆ. ಹೀಗೆ ನಾನು ಸರ್ಕಾರಿ ನೌಕರನಾದೆ. ಮುಂದೆ ಅದೇ ಗೆರೆಯನ್ನು ಎಷ್ಟು ಸೊಟ್ಟಗೆ ಎಳೆಯಬೇಕಾಗುತ್ತದೆ ಎಂದು ಏಣಿಯ ಮೇಲಿದ್ದವನಿಗೆ ಏನು ಗೊತ್ತು?

ಠಾಣೆಯ ಗೋಡೆಗೆ ಒಂದು ದೊಡ್ಡ ಮರದ ಹಲಗೆ ಇತ್ತು. ಬಿಳಿ ಬಣ್ಣ, ಸುತ್ತ ಕಪ್ಪು ಚೌಕಟ್ಟು. ಕಳವಿಗೆ ಕೆಂಪು ಗೆರೆ, ಹೊಡೆದಾಟಕ್ಕೆ ನೀಲಿ, ಇಸ್ಪೀಟಿಗೆ ಹಳದಿ, ಶಿಕ್ಷೆಯಾದ ಕೇಸುಗಳಿಗೆ ಹಸಿರು. ತಿಂಗಳ ತಖ್ತೆ, ಅಂದರೆ ಕೇಸುಗಳ ಲೆಕ್ಕದ ಪಟ್ಟಿ, ಮೇಲಿನ ಕಚೇರಿಗೆ ಹೋಗುತ್ತಿತ್ತು, ಅದರ ನೆರಳು ಈ ಹಲಗೆಯ ಮೇಲೆ ಬೀಳುತ್ತಿತ್ತು. ಎಳೆಯುವವನು ನಾನು.

ಒಂದು ವರ್ಷ ಹೊಲಗಳಲ್ಲಿ ಮೋಟರು, ವೈರು ಕಳುವಾಗಿದ್ದೇ ಕಳುವಾಗಿದ್ದು. ನಾನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋದರೆ ಕೆಂಪು ಗೆರೆ ಚೌಕಟ್ಟು ಮುಟ್ಟಿ, ಅದರಾಚೆ ಗೋಡೆಗೆ ಹತ್ತುವಂತಿತ್ತು. "ಸಾರ್, ಹಲಗೆ ಸಾಲ್ತಿಲ್ಲ" ಎಂದೆ. ಸಾಹೇಬರು ಬಡಗಿಯನ್ನು ಕರೆಸಿದರು. ಬಡಗಿ ಹಲಗೆಯನ್ನು ತಟ್ಟಿ ನೋಡಿ, "ಮ್ಯಾಲೆ ಒಂದು ಪಟ್ಟಿ ಕೂರುಸ್ಬಹುದು. ಒಣಗಿದ ಮರ ಸಿಗ್ಬೇಕು. ಎರಡು ತಿಂಗ್ಳು ಆಕ್ಕತಿ" ಎಂದ. ದೊಡ್ಡ ಸಾಹೇಬರ ತಪಾಸಣೆ ಮುಂದಿನ ವಾರವೇ ಇತ್ತು.

ಸಾಹೇಬರು, "ಹಲಗೆ ಬೆಳೆಸೋಕೆ ಆಗಲ್ಲ ಅಂದ್ರೆ ಏನ್ ಮಾಡ್ಬೇಕೋ ಪರಸಪ್ಪ?" ಎಂದರು.

ಉತ್ತರವನ್ನೂ ಅವರೇ ಹೇಳಿದರು. "ಕಳವು ಇಳಿಸ್ಬೇಕು."

ಅವತ್ತಿನಿಂದ ನಮ್ಮ ಸರಹದ್ದಿನಲ್ಲಿ ಮೋಟರುಗಳು ಕಳುವಾಗುವುದನ್ನು ನಿಲ್ಲಿಸಿದವು. ಅವು 'ಕಾಣೆಯಾದ ವಸ್ತು' ಆದವು. ಎಮ್ಮೆ ಮೇಯುತ್ತಾ ದೂರ ಹೋದಂತೆ ಮೋಟರು ತಾನೇ ಎಲ್ಲಿಗೋ ಹೋಗಿದೆ, ಬರುತ್ತದೆ. ತಪಾಸಣೆಯ ದಿನ ದೊಡ್ಡ ಸಾಹೇಬರು ಕುರ್ಚಿಯಿಂದ ಏಳದೆಯೇ ಹಲಗೆಯತ್ತ ಕತ್ತು ತಿರುಗಿಸಿ, "ಗುಡ್. ಕಂಟ್ರೋಲಲ್ಲಿದೆ" ಎಂದರು. ಕಂಟ್ರೋಲಿನಲ್ಲಿದ್ದದ್ದು ನನ್ನ ಬ್ರಷ್ಷು ಮಾತ್ರ.

ಚೌಕಟ್ಟಿನೊಳಗೆ ಇರುವುದಕ್ಕೆ ಇನ್ನೊಂದು ದಾರಿಯೂ ಇತ್ತು. ಅದು ಗಡಿ. ಒಂದು ಸಲ ಕೆರೆ ಏರಿಯ ಮೇಲಿಟ್ಟಿದ್ದ ಮೋಟರು ಹೋಯಿತು. ಏರಿಯ ಅರ್ಧ ಶಿಕಾರಿಪುರ ತಾಲ್ಲೂಕು, ಅರ್ಧ ಸೊರಬ. ಆ ಕಡೆಯ ಠಾಣೆಯ ದಫೇದಾರರು, ನಮ್ಮ ದಫೇದಾರರು ಇಬ್ಬರೂ ಬಂದರು. ಕಳ್ಳ ಯಾವ ಕಡೆ ಓಡಿದ ಎಂದು ಇಬ್ಬರೂ ಕೇಳಲಿಲ್ಲ. ಮೋಟರು ಇದ್ದ ಜಾಗ ನಿಮ್ಮದು, ಅಲ್ಲ ನಿಮ್ಮದು ಎಂದು ಹಗ್ಗ ಹಿಡಿದು ಅಳೆಯತೊಡಗಿದರು. ಹಗ್ಗದ ತುದಿ ಹಿಡಿದವನು ನಾನು. ಮಧ್ಯಾಹ್ನದವರೆಗೂ ಅಳೆದರು. ಕೊನೆಗೆ ಮೋಟರಿನ ಯಜಮಾನ ಕೈ ಮುಗಿದು, "ಸ್ವಾಮಿ, ಬಿಸಿಲೇರ್ತು. ನಾನೇ ಕೆರಿಗೆ ಎಸ್ದೀನಿ ಅಂತ ಬರ್ಕೊಳ್ರಿ, ಮನಿಗೆ ಹೋಕ್ಕೀನಿ" ಎಂದ. ಎರಡು ತಾಲ್ಲೂಕಿನಲ್ಲೂ ಕಳವು ಸೊನ್ನೆ.

ಪಟ್ಟಣದಿಂದ ಸಂಶೋಧಕರೂ ಬರುತ್ತಿದ್ದರು. ಒಬ್ಬರು ಕನ್ನಡಕದ ಮೇಡಂ ಬಂದು ಹಲಗೆಯ ಮುಂದೆ ಒಂದು ಗಂಟೆ ನಿಂತು, "ಒಂದು ವರ್ಷ ಮಾತ್ರ ಇಸ್ಪೀಟು ಕೇಸು ಪೂರ್ತಿ ಬಿದ್ದು ಮತ್ತೆ ಎದ್ದಿದೆಯಲ್ಲ, ಆ ವರ್ಷ ಸಮಾಜದಲ್ಲಿ ಏನಾದರೂ ಬದಲಾವಣೆ ಆಗಿತ್ತಾ?" ಎಂದು ಕೇಳಿದರು. ಆ ವರ್ಷ ಇಸ್ಪೀಟು ಕೇಸು ಬರೆಯುವ ಅಚ್ಚು ಫಾರಂ ಖಾಲಿಯಾಗಿತ್ತು. ಮೇಲಿಂದ ಹೊಸ ಕಟ್ಟು ಬರಲು ಒಂಬತ್ತು ತಿಂಗಳು ಹಿಡಿಯಿತು. ನಾನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ದಫೇದಾರರು ನನ್ನ ಕಾಲು ತುಳಿದು, "ಮಹಿಳಾ ಸಂಘಗಳು ಹೆಚ್ಚಾದವು ಮೇಡಂ" ಎಂದರು. ಮೇಡಂ ಸಂತೋಷದಿಂದ ಬರೆದುಕೊಂಡರು. ಆಮೇಲೆ ಅದು ಪುಸ್ತಕವೂ ಆಯಿತಂತೆ. ಹೊಸ ಮಕ್ಕಳೇ, ಗೆರೆ ಥಟ್ಟನೆ ಬಿದ್ದರೆ ಸಮಾಜವನ್ನು ನೋಡುವ ಮುಂಚೆ ಬೀರುವಿನಲ್ಲಿ ಫಾರಂ ಇತ್ತೇ ಎಂದು ಕೇಳಿ.

ಈಗ ಹಸಿರು ಗೆರೆಗೆ ಬರುತ್ತೇನೆ. ಕೆಂಪು ಇಳಿಯಬೇಕು, ಹಸಿರು ಏರಬೇಕು, ಇದು ಮೇಲಿನವರ ಅಪ್ಪಣೆ. ಅಂದರೆ ಕಳ್ಳರು ಕಡಿಮೆಯಾಗಬೇಕು, ಶಿಕ್ಷೆಯಾದವರು ಹೆಚ್ಚಾಗಬೇಕು. ನನ್ನ ಏಳನೇ ತರಗತಿಯ ಲೆಕ್ಕಕ್ಕೆ ಇದು ಬಗೆಹರಿಯಲಿಲ್ಲ. ಬಗೆಹರಿಸಿದವನು ಚೌಡಪ್ಪ.

ಚೌಡಪ್ಪನದು ಠಾಣೆಯ ಎದುರಿಗೇ ಚಹಾದ ಅಂಗಡಿ. ನನ್ನ ವಯಸ್ಸಿನವನೇ. ಹಿತ್ತಾಳೆಯ ಬಾಯ್ಲರು, ಅದರ ಮೇಲೆ ಅರಿಶಿನ ಕುಂಕುಮ, ಬೆಳಿಗ್ಗೆ ಐದಕ್ಕೇ ಹಬೆ. ತಿಂಗಳ ಕೊನೆಗೆ ತಖ್ತೆ ಬರೆಯುವಾಗ ಪೆಟ್ಟಿ ಕೇಸು ಒಂದೆರಡು ಕಡಿಮೆ ಬೀಳುತ್ತಿದ್ದವು. ಪೆಟ್ಟಿ ಕೇಸು ಎಂದರೆ ರಸ್ತೆಗೆ ಅಡ್ಡ ಸೈಕಲ್ ನಿಲ್ಲಿಸಿದ, ಗಲಾಟೆ ಮಾಡಿದ, ಇಂಥವು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಸಣ್ಣ ದಂಡ ಕಟ್ಟಿದರೆ ಮುಗಿಯಿತು. ಆದರೆ ಲೆಕ್ಕದಲ್ಲಿ ಅದೂ ಶಿಕ್ಷೆಯಾದ ಕೇಸೇ. ಹಲಗೆಯ ಮೇಲೆ ಕೊಲೆಗೂ ಒಂದು ಮನೆ, ಸೈಕಲ್ಲಿಗೂ ಒಂದು ಮನೆ. ಹಾಗಾಗಿ ದಫೇದಾರರು ಕಿಟಕಿಯಿಂದಲೇ ಕೂಗುತ್ತಿದ್ದರು.

"ಚೌಡಪ್ಪಾ, ಒಂದು ಕೇಸ್ ಕೊಡೋ ಮಾರಾಯ!"

"ತಗೋರಿ! ಈ ಸಲ ಏನು ಮಾಡೀನಿ?"

"ರಸ್ತೇಲಿ ಬೆಂಚು ಹಾಕಿದೀಯ."

"ಹೋದ್ ತಿಂಗ್ಳೂ ಬೆಂಚೇ ಆತಲ್ರೀ. ಬ್ಯಾರೆ ಏನಾರ ಹಾಕ್ರಿ, ಜಡ್ಜ್ ಸಾಹೇಬ್ರಿಗೂ ಬ್ಯಾಸ್ರ ಬರ್ತತಿ."

ಸಕ್ಕರೆ ಸಾಲ ಕೇಳಿದಂತೆ ಕೇಳುವುದು, ಕೊಟ್ಟಂತೆ ಕೊಡುವುದು. ದಂಡ ಠಾಣೆಯವರೇ ಕಟ್ಟುತ್ತಿದ್ದೆವು, ಅವನನ್ನು ಕೋರ್ಟಿಗೆ ಕರೆದುಕೊಂಡು ಹೋಗುವವನು ನಾನು. ಅವನಿಗೆ ಅದು ಪೇಟೆಗೆ ಹೋಗಿಬರುವ ನೆಪ. ಕೋರ್ಟಿನಲ್ಲಿ ಹೆಸರು ಕೂಗಿದೊಡನೆ, "ತಪ್ಪಾತು ಸ್ವಾಮಿ!" ಎಂದು ಕೈ ಮುಗಿಯುತ್ತಿದ್ದ. ಒಮ್ಮೆ ಜಡ್ಜ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ತಡಿಯಪ್ಪ, ಇನ್ನೂ ಏನು ಅಂತ ಓದೇ ಇಲ್ಲ" ಎಂದರು. "ಓದೋದು ಯಾಕೆ ಬಿಡ್ರಿ, ನೀವು ಸುಳ್ಳು ಬರ್ದಿರ್ತೀರಾ?" ಎಂದ ಇವನು. ಇಡೀ ಕೋರ್ಟು ನಕ್ಕಿತು. ನಾನೂ ನಕ್ಕೆ.

ಆಮೇಲೆ ಒಂದು ದಿನ ಬೆಳಿಗ್ಗೆ ಅವನ ಬಾಯ್ಲರು ಇರಲಿಲ್ಲ. ಯಾರೋ ತಗಡು ಸರಿಸಿ ಎತ್ತಿಕೊಂಡು ಹೋಗಿದ್ದರು. ಅವನಪ್ಪನ ಕಾಲದ್ದು. ಚೌಡಪ್ಪ ಅಳುತ್ತಾ ಬಂದ. ಅವನಿಗೆ ಬರೆಯಲು ಬಾರದು, ದೂರು ನಾನೇ ಬರೆದುಕೊಟ್ಟೆ, ಹೆಬ್ಬೆಟ್ಟು ಒತ್ತಿದ. ಸಾಹೇಬರ ಮುಂದೆ ಇಟ್ಟರೆ ಅವರು ದೂರನ್ನು ಓದಲಿಲ್ಲ, ಹಲಗೆಯನ್ನು ಓದಿದರು. ಕೆಂಪು ಗೆರೆಗೂ ಚೌಕಟ್ಟಿಗೂ ನಡುವೆ ಒಂದು ಬೆರಳು ಜಾಗವೂ ಇರಲಿಲ್ಲ. "ಈ ವರ್ಷಕ್ಕೆ ಕಳವು ಸಾಕು ಪರಸಪ್ಪ. ತನಿಖೆ ನಡೀತಿದೆ ಅಂತ ಹೇಳು" ಎಂದರು. ಹೇಳಿದೆ. ಆ ದೂರನ್ನು ಹರಿದು ಹಾಕಲು ಮನಸ್ಸಾಗದೆ ಮನೆಗೆ ತಂದು ಬಣ್ಣದ ಡಬ್ಬಿಗಳ ಟ್ರಂಕಿನಲ್ಲಿ ಇಟ್ಟೆ.

ಬಾಯ್ಲರು ಇಲ್ಲದ ಚೌಡಪ್ಪ ಅಂಗಡಿಯ ಮುಂದೆ ಮೂರು ಕಲ್ಲು ಹೂಡಿ ಅಲ್ಯುಮಿನಿಯಂ ಪಾತ್ರೆಯಲ್ಲಿ ಚಹಾ ಕಾಯಿಸತೊಡಗಿದ. ತಿಂಗಳ ಕೊನೆ ಬಂತು. ಒಂದು ಕೇಸು ಕಡಿಮೆ. ದಫೇದಾರರು ಕಿಟಕಿಯಿಂದ ನೋಡಿ, "ಸಾರ್ವಜನಿಕ ರಸ್ತೆ ಪಕ್ಕ ತೆರೆದ ಬೆಂಕಿ" ಎಂದು ಬರೆದರು. ಕಳ್ಳನಿಗೆ ಆಗದ ಶಿಕ್ಷೆ ಕಳಕೊಂಡವನಿಗೆ ಆಯಿತು. ಹಸಿರು ಗೆರೆಯನ್ನು ಒಂದು ಕೂದಲೆಳೆ ಏರಿಸಿದವನು ನಾನು.

ಸ್ವಲ್ಪ ದಿನಕ್ಕೇ ನಾನು ನಿವೃತ್ತನಾದೆ. ಹಳೆಯ ರಿಜಿಸ್ಟರುಗಳೆಲ್ಲ ಕಂಪ್ಯೂಟರಿಗೆ ಸೇರಿದವು. ಹಲಗೆಯನ್ನು ಹಿತ್ತಲಿಗೆ ಎಸೆದರು. ಚೌಡಪ್ಪ ಕೇಳಿಕೊಂಡು ಒಯ್ದು ಅಂಗಡಿಯ ಪಕ್ಕದ ಗೋಡೆಗೆ ಮೊಳೆ ಹೊಡೆದ, ಗಾಳಿಗೆ ಒಲೆ ಆರುತ್ತದೆ ಎಂದು. ಹನ್ನೊಂದು ವರ್ಷ ನಾನು ಅದೇ ಹಲಗೆಗೆ ಒರಗಿ ಅವನ ಚಹಾ ಕುಡಿದೆ. ಆಗೊಮ್ಮೆ ಈಗೊಮ್ಮೆ ಅವನು, "ಬಾಯ್ಲರಿಂದು ಏನಾರ ಸುದ್ದಿ?" ಎನ್ನುತ್ತಿದ್ದ. "ತನಿಖೆ ನಡೀತಿದೆ" ಎನ್ನುತ್ತಿದ್ದೆ. ಕೆಲಸ ಬಿಟ್ಟರೂ ಆ ಮಾತು ನನ್ನನ್ನು ಬಿಡಲಿಲ್ಲ.

ಇಷ್ಟರಲ್ಲಿ ಸಿಂಚನಾಳಿಗೆ ಕೆಲಸ ಸಿಕ್ಕಿತು. ಮೂರನೇ ತಿಂಗಳಿಗೇ ಅವಳು ಕುಣಿಯುತ್ತಾ ಮನೆಗೆ ಬಂದಳು. ಚುನಾವಣೆ ಹತ್ತಿರ ಬರುತ್ತಿದೆ, ಪದೇ ಪದೇ ಶಿಕ್ಷೆಯಾದವರ ಪಟ್ಟಿ ಕೊಡಿ ಎಂದು ಕೇಳಿದ್ದರಂತೆ, ಇವಳು ಒಂದೇ ದಿನದಲ್ಲಿ ತೆಗೆದು ಕೊಟ್ಟಳಂತೆ, ದೊಡ್ಡ ಸಾಹೇಬರು ಶಭಾಷ್ ಅಂದರಂತೆ. "ಅಜ್ಜ, ಇಡೀ ಪಟ್ಟೀಲಿ ಮೊದಲ್ನೇ ನಂಬರು ನಿಮ್ಮ ಹಳೇ ಠಾಣೆಯವನೇ! ಹೆಸ್ರು ಹೇಳಂಗಿಲ್ಲ. ಆದ್ರೆ ಎಂಥಾ ಖದೀಮ ಅಂತೀಯ, ತಿಂಗ್ಳು ತಪ್ಪಿಲ್ಲ!"

ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಆ ಖದೀಮ ಯಾರು ಎಂದು ಎಷ್ಟು ತಲೆ ಕೆರೆದರೂ ಹೊಳೆಯಲಿಲ್ಲ. ಮರುದಿನ ಅಂಗಡಿಗೆ ಹೋಗಿ ಚೌಡಪ್ಪನನ್ನೇ ಕೇಳಿದೆ. ಇಬ್ಬರೂ ಎರಡೆರಡು ಲೋಟ ಚಹಾ ಮುಗಿಯುವ ತನಕ ಲೆಕ್ಕ ಹಾಕಿದೆವು. "ಆ ಕೋಳಿ ಕಳ್ಳ ಇರ್ಬೇಕು ನೋಡ್ರಿ. ಯಾವನೇ ಆಗ್ಲಿ, ಒದ್ದು ಊರು ಬಿಡಿಸ್ಬೇಕು ಅಂಥೋರ್ನ" ಎಂದ ಚೌಡಪ್ಪ.

ವಾರದೊಳಗೆ ಅವನಿಗೇ ನೋಟಿಸು ಬಂತು. ಕುಂಟುತ್ತಾ ನಮ್ಮ ಮನೆಗೆ ಬಂದು ನನ್ನ ಕೈಗಿಟ್ಟ. ರೂಢಿಗತ ಅಪರಾಧಿಯಾದ ನಿಮ್ಮನ್ನು ಜಿಲ್ಲೆಯಿಂದ ಏಕೆ ಗಡಿಪಾರು ಮಾಡಬಾರದು, ಉಪವಿಭಾಗಾಧಿಕಾರಿಗಳ ಮುಂದೆ ಹಾಜರಾಗಿ ಹೇಳಿ ಎಂದಿತ್ತು. ಸಿಂಚನಾಳ ಮೊದಲನೇ ನಂಬರಿನ ಖದೀಮ ನನ್ನ ಎದುರಿಗೇ ನಿಂತಿದ್ದ.

"ಏನೈತ್ರೀ ಅದ್ರಾಗೆ?"

ಹೇಳಿದೆ. ಅವನು ಮೊದಲು ನಕ್ಕ. "ಸ್ವಾತಂತ್ರ್ಯದ ಚಳವಳಿ ಮಾಡಿದ ಈಸೂರಿನ ಹಿರೇರ ಹೆಸ್ರು ಮೊದ್ಲು ಪೊಲೀಸ್ ಪುಸ್ತಕದಾಗೆ ಬಂತು, ಆಮೇಲೆ ಕಲ್ಲಿನ ಮ್ಯಾಲೆ ಬಂತು. ಬೆಂಚು ಹಾಕಿದೋನ ಹೆಸ್ರು ಯಾವ ಕಲ್ಲಿಗೆ ಹಾಕ್ತಾರ್ರೀ?" ಎಂದ. ಆಮೇಲೆ ನಗು ನಿಂತಿತು. "ಪರಸಣ್ಣ, ನನ್ನ ಹೆಂಡ್ತಿಗೆ ಕಣ್ಣು ಕಾಣಲ್ಲ. ಬಚ್ಚಲಿಗೆ ಹೋಗಾಕೂ ನನ್ನ ಹೆಗಲು ಹಿಡೀಬೇಕು. ನನ್ನ ಊರು ಬಿಡಿಸಿದ್ರೆ ಆಕಿನ್ನ ಯಾರು ಹಿಡೀತಾರೆ?"

ಆ ಭಾನುವಾರ ಸಿಂಚನಾಳಿಗೆ ಎಲ್ಲ ಹೇಳಿದೆ. ಕಿಟಕಿಯಿಂದ ಕೂಗುತ್ತಿದ್ದುದು, ಬೆಂಚು, ಮೂರು ಕಲ್ಲು, ಹಸಿರು ಗೆರೆ. ಅವಳ ಮುಖ ನೋಡಲಾಗಲಿಲ್ಲ.

"ಅಜ್ಜ, ಅದು ನನ್ನ ಮೊದಲ್ನೇ ರಿಪೋರ್ಟು."

"ಗೊತ್ತಮ್ಮ."

"ನೀನು ಸುಳ್ಳು ಅಂತ ಹೇಳಿದ್ರೆ ನಿನ್ನ ಪಿಂಚಣಿಗೆ ಬರುತ್ತೆ. ನಾನು ಹೇಳಿದ್ರೆ ನನ್ನ ಪ್ರೊಬೇಷನ್ನಿಗೆ ಬರುತ್ತೆ."

"ಸುಮ್ನಿದ್ರೆ ಚೌಡಪ್ಪನ ಹೆಂಡ್ತಿಗೆ ಬರುತ್ತೆ" ಎಂದೆ.

ಅವಳು ತನ್ನ ಕಾಗದ ತೆಗೆದು ಚೌಡಪ್ಪನ ಕೇಸುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು. ಜೋಡಿಸುತ್ತಾ ಇದ್ದಕ್ಕಿದ್ದಂತೆ ನಿಂತಳು. "ಇದೇನಜ್ಜ, ಇವ್ರು ಒಂದನೇ ತಾರೀಖಿಂದ ಇಪ್ಪತ್ತೇಳರ ತನಕ ಒಂದ್ ಸಲಾನೂ ತಪ್ಪು ಮಾಡಿಲ್ಲ! ನಾನು ಎಷ್ಟು ಸಲ ಅಂತ ಎಣಿಸ್ದೆ, ಯಾವತ್ತು ಅಂತ ನೋಡ್ಲೇ ಇಲ್ಲ."

ನನ್ನ ಬಂಗಾರದಂಥ ಮೊಮ್ಮಗಳು! ನಲವತ್ತು ವರ್ಷ ಎಷ್ಟೋ ಸಾಹೇಬರು ಆ ಹಲಗೆ ನೋಡಿದರು, ಒಬ್ಬರಿಗೂ ಇದು ಕಾಣಲಿಲ್ಲ. ಇವಳಿಗೆ ಮೂರೇ ತಿಂಗಳಿಗೆ ಕಂಡಿತು. ಅವಳ ಕಣ್ಣಲ್ಲಿ ನೀರಿತ್ತು, ನಾನು ಮಾತ್ರ ಹಲ್ಲು ಕಿಸಿಯುತ್ತಾ ಕೂತಿದ್ದೆ.

ಮರುದಿನ ಅವಳೇ ತನ್ನ ಮೇಲಧಿಕಾರಿಯ ಹತ್ತಿರ ಹೋಗಿ ತಾನು ಕೊಟ್ಟ ಪಟ್ಟಿಯೇ ತಪ್ಪು ಎಂದಳು. ಚೆನ್ನಾಗಿ ಬೈಸಿಕೊಂಡಳು. ಆದರೆ ತಾರೀಖಿನ ಕಾಗದವನ್ನು ವಿಚಾರಣೆಗೆ ಕಳಿಸಲು ಅವರು ಸಹಿ ಹಾಕಿದರು.

ವಿಚಾರಣೆಯ ದಿನ ಚೌಡಪ್ಪ ಒಗೆದ ಪಂಚೆ ಉಟ್ಟುಕೊಂಡು ಬಂದ. ಹೆಸರು ಕೂಗಿದೊಡನೆ ಅಭ್ಯಾಸಬಲದಿಂದ, "ತಪ್ಪಾ..." ಎಂದು ಕೈ ಮುಗಿಯತೊಡಗಿದ. ನಾನು ಅವನ ಪಂಚೆ ಹಿಡಿದು ಜಗ್ಗಿದೆ. ಉಪವಿಭಾಗಾಧಿಕಾರಿ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ತಾರೀಖಿನ ಕಾಗದವನ್ನು ಎರಡು ಸಲ ಓದಿದರು.

"ಎಲ್ಲಾ ಇಪ್ಪತ್ತೆಂಟರ ಮೇಲೇ ಇದೆಯಲ್ಲ. ಇದೇನ್ರೀ?"

"ಮೇಡಂ, ಕಳ್ಳರಿಗೆ ಅಮಾವಾಸ್ಯೆ ಇರುತ್ತೆ" ಎಂದೆ. "ತಿಂಗಳ ಕೊನೆ ಇರೋದು ಸರ್ಕಾರಿ ನೌಕರರಿಗೆ ಮಾತ್ರ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಹಾಗಾದ್ರೆ ಇಷ್ಟು ಅಪರಾಧ ಮಾಡಿದ್ದು ಯಾರು?"

"ತಖ್ತೆ, ಮೇಡಂ. ಕೈ ನಂದು."

"ತಖ್ತೆ ಗಡಿಪಾರು ಮಾಡೋಕೆ ನನಗೆ ಅಧಿಕಾರ ಇಲ್ಲ" ಎಂದು ಅವರು ನಗು ತಡೆದುಕೊಂಡರು. ನನ್ನ ಹೇಳಿಕೆ ಬರೆಸಿಕೊಂಡು ಸಹಿ ಮಾಡಿಸಿದರು. ನೋಟಿಸು ರದ್ದಾಯಿತು. ನನ್ನ ಹೇಳಿಕೆಯ ಒಂದು ಪ್ರತಿ ಇಲಾಖೆಗೂ ಹೋಗಿದೆ. ಅದರ ಮೇಲೆ ಏನಾಗುತ್ತದೋ ಗೊತ್ತಿಲ್ಲ. ತನಿಖೆ ನಡೆಯುತ್ತಿದೆ.

ಹೊರಗೆ ಬಂದ ಮೇಲೆ ಚೌಡಪ್ಪ ಕಟ್ಟೆಯ ಮೇಲೆ ಕೂತ. "ನನ್ನ ಮ್ಯಾಲಿನ ಕೇಸ್ ಎಲ್ಲಾ ಸುಳ್ಳು ಅಂತ ಹೇಳಿದ್ರಿ. ಸಂತೋಷ. ನಂದು ಒಂದು ಖರೇ ಕೇಸ್ ಇತ್ತಲ್ಲ ಪರಸಣ್ಣ, ಅದು ಎಲ್ಲಿಗೆ ಬಂತು?"

ತನಿಖೆ ಎಂಬ ಮಾತು ನಾಲಿಗೆಯ ತುದಿಗೆ ತಾನೇ ಬಂತು. ನುಂಗಿಕೊಂಡೆ. ದೂರು ದಾಖಲೇ ಆಗಿಲ್ಲ, ನನ್ನ ಟ್ರಂಕಿನಲ್ಲಿದೆ ಎಂದೆ. ಅವನು ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇಳಿಯುವಾಗ, "ನಾಳೆ ಬರ್ರಿ. ಚಾ ಕುಡ್ಯಾಕಲ್ಲ. ಆ ಕಾಗದ ತಗಂಡು ಬರ್ರಿ" ಎಂದ.

ಮರುದಿನ ಇಬ್ಬರೂ ರಸ್ತೆ ದಾಟಿ ಠಾಣೆಗೆ ಹೋದೆವು. ಹೊಸ ಪಿಎಸ್‌ಐ ಯುವಕರು, ಎದ್ದು ಕುರ್ಚಿ ಕೊಟ್ಟರು. ಟರ್ಪೆಂಟೈನ್ ವಾಸನೆಯ ಕಾಗದ ಓದಿ ತಲೆ ಕೆರೆದುಕೊಂಡರು.

"ಅಜ್ಜ, ಹನ್ನೊಂದು ವರ್ಷದ ಹಿಂದಿನ ಬಾಯ್ಲರ್ ಇದು. ಈ ತಿಂಗಳು ನಮ್ಮದು ಕಳವು ಸೊನ್ನೆ ಇದೆ. ಇವತ್ತು ತಾರೀಖು ಎಷ್ಟು ಗೊತ್ತಾ? ಮೂವತ್ತು!"

"ಗೊತ್ತು ಸಾರ್" ಎಂದೆ. "ತಿಂಗಳ ಕೊನೆಗೆ ಕೇಸ್ ಕೊಡೋದು ಇವರಿಗೆ ಮೊದಲಿಂದ ರೂಢಿ."

ಅವರಿಗೆ ನಮ್ಮ ಗಡಿಪಾರಿನ ಸುದ್ದಿ ಮುಟ್ಟಿತ್ತು. ಜೋರಾಗಿ ನಕ್ಕರು. ಆಮೇಲೆ ಕಂಪ್ಯೂಟರಿನವರನ್ನು ಕರೆದು, "ಬರ್ಕೊಳ್ರಿ" ಎಂದರು. ಎಫ್‌ಐಆರ್ ಪ್ರತಿ ಚೌಡಪ್ಪನ ಕೈಗೆ ಬಂತು. ಓದಲು ಬಾರದ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ನಾನು ಯಾವ ಕಡೆ ಅದೀನಿ?" ಎಂದ. "ಕಳಕೊಂಡವರು ಅನ್ನೋ ಕಡೆ" ಎಂದೆ. ಹಾಗೆಯೇ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡ.

ಎರಡು ದಿನ ಬಿಟ್ಟು ಸಿಂಚನ ಫೋನು ಮಾಡಿದಳು. "ಅಜ್ಜ, ನಿಮ್ಮ ಠಾಣೆ ತಖ್ತೆ ಬಂತು. ಕಳವು ಒಂದು! ಮೇಲಿನವ್ರು ಹೆಚ್ಚಳ ಶೇಕಡಾ ಎಷ್ಟು ಅಂತ ಕೇಳ್ತಿದಾರೆ. ಹೋದ್ ತಿಂಗ್ಳ ಸೊನ್ನೆಯಿಂದ ಒಂದಕ್ಕೆ ಏರಿದ್ರೆ ಕಂಪ್ಯೂಟರು ಲೆಕ್ಕ ಬರಲ್ಲ ಅಂತಿದೆ!" ಅವಳು ನಗುತ್ತಿದ್ದಳು. ಸರಹದ್ದಿನಲ್ಲಿ ಅಪರಾಧ ಏರಿತೆಂದು ಬೀದಿಗೆಲ್ಲ ಪೇಡೆ ಹಂಚಿದ ಅಜ್ಜ ಈ ಎರಡು ತಾಲ್ಲೂಕಿನಲ್ಲಿ ಬಹುಶಃ ನಾನೊಬ್ಬನೇ.

ಮೊದಲ ಪೇಡೆ ಕೊಡಲು ಅಂಗಡಿಗೆ ಹೋದೆ. ಚೌಡಪ್ಪ ತೆಗೆದುಕೊಂಡ, ಆದರೆ ಬಾಯಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಗೋಡೆಯ ಹಲಗೆ ತೋರಿಸಿ, "ನನ್ನ ಬಾಯ್ಲರು ಇದ್ರಾಗೆ ಬರ್ಲಿ, ಆಮ್ಯಾಲೆ ತಿಂತೀನಿ" ಎಂದ. ಮನೆಗೆ ಹೋಗಿ ಟ್ರಂಕಿನಿಂದ ಬ್ರಷ್ಷು ತಂದೆ, ಪೇಟೆಯಿಂದ ಒಂದು ಸಣ್ಣ ಡಬ್ಬಿ ಕೆಂಪು ತರಿಸಿದೆ. ಹೊಗೆ ಹಿಡಿದ ಹಲಗೆಯನ್ನು ಒರೆಸಿದಾಗ ನನ್ನ ಹಳೆಯ ಗೆರೆ ಕಂಡಿತು, ಚೌಕಟ್ಟಿನ ಕೆಳಗೆ ಒಂದು ಬೆರಳು ಜಾಗವಿಲ್ಲದೆ ನಿಂತದ್ದು. ಅಲ್ಲಿಂದ ಮೇಲಕ್ಕೆ ಎಳೆದೆ. ವಯಸ್ಸಾದ ಕೈ, ಗೆರೆ ಚೌಕಟ್ಟು ದಾಟಿ ಅಂಗಡಿಯ ಮಣ್ಣಿನ ಗೋಡೆಗೆ ಹತ್ತಿತು.

"ಒರೆಸ್ತೀರೇನು?" ಎಂದು ಚೌಡಪ್ಪ ಒಲೆಯ ಬಟ್ಟೆ ಮುಂದೆ ಹಿಡಿದ.

ಬೇಡ ಎಂದೆ. ಅವನು ಪೇಡೆ ಬಾಯಿಗೆ ಹಾಕಿಕೊಂಡು ಚಹಾಕ್ಕೆ ನೀರಿಟ್ಟ.